ಬೇರಿನ ಗಂಟಿನೊಳಗೆ ಕೆಂಪು ಏಕೆ?



ಅಲಸಂದೆ ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಅಗೆದು ತೆಗೆಯಿರಿ. ಬೇರನ್ನು ನೀರಿನಲ್ಲಿ ಜಾಲಿಸಿ. ಅಂಟಿಕೊಂಡಿರುವ ಸಣ್ಣ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ರಕ್ತದಂತೆ ಕೆಂಪಗಿದೆಯಲ್ಲ! ಗಿಡಕ್ಕೆಲ್ಲಿಯ ರಕ್ತ ಅಂತೀರಾ?

ಅದು ಹೀಮೋಗ್ಲೋಬಿನ್, ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿನ ದಾಯಾದಿ. ಸೋಯಾ ಅವರೆಯ ಗಂಟಿನಲ್ಲಿ ಇದನ್ನು 1939ರಲ್ಲಿ ಗುರುತಿಸಿದವರು ಜಪಾನಿನ ವಿಜ್ಞಾನಿ ಕುಬೊ.

ಗಂಟಿನೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಗಳಿವೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಆಹಾರ ಮಾಡಿಕೊಡುವುದು ಇವುಗಳ ಕೆಲಸ. ಇಲ್ಲೊಂದು ತೊಡಕುಂಟು. ಉಸಿರಾಟಕ್ಕೆ ಇವಕ್ಕೆ ಆಮ್ಲಜನಕ ಬೇಕೇ ಬೇಕು. ಹೆಚ್ಚಾದರೆ ಸಾರಜನಕ ಹಿಡಿಯುವ ಕಿಣ್ವವೇ ಕೆಡುತ್ತದೆ. ಅದಕ್ಕೇ ಗಿಡವು ಹೀಮೋಗ್ಲೋಬಿನ್ ತಯಾರಿಸಿ, ಕಣಜದ ಕಾಳನ್ನು ಅಳೆದು ಕೊಡುವ ಮನೆಯೊಡತಿಯಂತೆ, ಆಮ್ಲಜನಕವನ್ನು ಹದವರಿತು ಒದಗಿಸುತ್ತದೆ.

ಹೊಲದಲ್ಲಿ ಮಳೆನೀರು ನಿಂತರೆ ಗಂಟಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೆಚ್ಚಿ, ಸಾರಜನಕ ಹಿಡಿಯುವ ಕೆಲಸಕ್ಕೆ ಅಡ್ಡಿಯಾಗುತ್ತದೆ. ಹೀಮೋಗ್ಲೋಬಿನ್ ಈ ವಿಷವನ್ನೂ ಹಿಡಿದು ತಗ್ಗಿಸುತ್ತದೆ.

ಹಾಗಾದರೆ ಬ್ಯಾಕ್ಟೀರಿಯವೇ ಗಿಡದ ಹೀಮೋಗ್ಲೋಬಿನ್ ತಯಾರಿಸಿದರೆ ಹೇಗೆ? ಪ್ರಯೋಗಶಾಲೆಯಲ್ಲಿ ಅದನ್ನೂ ಮಾಡಿದ್ದಾರೆ. ಭತ್ತದ ಹೀಮೋಗ್ಲೋಬಿನನ್ನು ಈ. ಕೋಲಿ ಎಂಬ ಬ್ಯಾಕ್ಟೀರಿಯದಲ್ಲಿ ತಯಾರಿಸಿದ ವರದಿ 1997ರಲ್ಲಿ ಪ್ರಕಟವಾಯಿತು. ಇಂಥ ಹೀಮೋಗ್ಲೋಬಿನ್ ನೈಟ್ರಿಕ್ ಆಕ್ಸೈಡನ್ನು ನೈಟ್ರೇಟ್ ಆಗಿ ಮಾರ್ಪಡಿಸುವುದರಿಂದ, ಆ ವಿಷವನ್ನು ತಾಳಿಕೊಳ್ಳಲು ಬ್ಯಾಕ್ಟೀರಿಯಕ್ಕೆ ನೆರವಾಗಬಲ್ಲದು. ಆದರೆ ಬಿಟ್ಟಿಯಾಗಿ ಏನೂ ಬರುವುದಿಲ್ಲ. ಅತಿಯಾಗಿ ತಯಾರಿಸುತ್ತ ಹೋದರೆ ಬ್ಯಾಕ್ಟೀರಿಯದ ಆಹಾರವೂ ಕಬ್ಬಿಣವೂ ಅದಕ್ಕೇ ಖರ್ಚಾಗಿ ಬೆಳವಣಿಗೆ ಕುಗ್ಗುತ್ತದೆ. ಎತ್ತಿಗೆ ಹೇರುವ ಹೊರೆಗೂ ಮಿತಿಯುಂಟಲ್ಲವೇ?

ಪ್ರಯೋಗಶಾಲೆಯ ಮಾತು ಹಾಗಿರಲಿ. ನಮ್ಮ ಹೊಲದಲ್ಲಿ ಮಾಡಬೇಕಾದ್ದೇನು? ಗಂಟು ಕೆಂಪಾಗಿದ್ದರೆ ಕೆಲಸ ಸಾಗಿದೆ. ಯೂರಿಯಾ ಚೆಲ್ಲಿ ದುಡ್ಡು ಕಳೆಯಬೇಡಿ. ಹೂ ಬಿಡುವಾಗಲೂ ಒಳಗೆ ಬೆಳ್ಳಗಿದ್ದರೆ ಸಾರಜನಕ ದೊರೆಯುತ್ತಿಲ್ಲ. ಹಸಿರು ಇಲ್ಲವೇ ಕಂದು ಬಣ್ಣವಾದರೆ ಗಂಟಿಗೆ ಮುಪ್ಪು ಬಂದಿದೆ. ಉಜ್ಜಿದರೂ ಉದುರದೆ ಬೇರೇ ಊದಿಕೊಂಡಿದ್ದರೆ ಅದು ಜಂತುಹುಳುವಿನ ಬಾಧೆಯಿರಬಹುದು; ಕೃಷಿ ಅಧಿಕಾರಿಗೆ ತೋರಿಸಿ.

ನೀರು ನಿಂತಿದ್ದರೆ ಇಂದೇ ಬಸಿಗಾಲುವೆ ತೆಗೆಯಿರಿ. ಮುಂದಿನ ಬಿತ್ತನೆಗೆ ಆಯಾ ಬೆಳೆಗೆ ತಕ್ಕ ರೈಜೋಬಿಯಂ ಪುಡಿಯನ್ನು ಆರಿದ ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಿರಿ. ಬಿಸಿಲು ತಾಗಿದರೆ ಜೀವಾಣು ಸಾಯುತ್ತದೆ.

ನಾಳೆ ಬೆಳಿಗ್ಗೆ ಒಂದು ಗಿಡ ಅಗೆದು ನೋಡುತ್ತೀರಲ್ಲ?