ನಾರಿನ ಪುಡಿ ಹೆಸರಘಟ್ಟಕ್ಕೆ ಬಂದ ದಾರಿ

ತೆಂಗಿನ ಮಟ್ಟೆಯಲ್ಲಿ ನಾರಿನ ಪಾಲು ಮೂರರಲ್ಲಿ ಒಂದು. ಮಿಕ್ಕಿದ್ದು ಕಂದು ಪುಡಿ. ಒಂದು ಕಿಲೋ ನಾರು ತೆಗೆದರೆ ಹೆಚ್ಚುಕಡಿಮೆ ಎರಡು ಕಿಲೋ ಪುಡಿ ಉದುರುತ್ತದೆ. ತಿಪಟೂರು, ಗುಬ್ಬಿ, ಅರಸೀಕೆರೆ ಸೀಮೆಯ ನಾರಿನ ಕಾರ್ಖಾನೆಗಳ ಪಕ್ಕದಲ್ಲಿ ಅದು ಗುಡ್ಡೆ ಬಿದ್ದಿರುತ್ತಿತ್ತು. ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತದೆ, ಮಳೆಗೆ ಕೆಂಗಂದು ರಸ ಬಿಟ್ಟು ನೆಲಕ್ಕಿಳಿಯುತ್ತದೆ, ಬೆಂಕಿ ತಗುಲಿದರೆ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ.

ಮೊದಲು ಈ ಪಾಡು ಇರಲಿಲ್ಲ. ಮಟ್ಟೆ ಬಚ್ಚಲ ಒಲೆಗೆ ಹೋಗುತ್ತಿತ್ತು, ಇಲ್ಲವೇ ತೆಂಗಿನ ಬುಡದಲ್ಲಿ ಹೂಳುತ್ತಿದ್ದರು. ತೇವ ಹಿಡಿದಿಡಲು ಹಾಗೆ ಹೂಳಿ ಎಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಹೇಳುತ್ತದೆ. ಯಂತ್ರಗಳು ಬಂದ ಮೇಲೆ ಹತ್ತಾರು ಊರುಗಳ ಮಟ್ಟೆ ಒಂದೇ ಅಂಗಳಕ್ಕೆ ಬಂದು ಸೇರಿತು. ಪುಡಿಯೂ ಅಲ್ಲೇ ಉಳಿಯಿತು.

ತನ್ನ ತೂಕದ ಹಲವು ಪಟ್ಟು ನೀರು ಹೀರುವ ಪುಡಿಯನ್ನು ಹೊಲಕ್ಕೆ ಚೆಲ್ಲಿದರಾಯಿತಲ್ಲ ಎನ್ನಿಸುತ್ತದೆ. ಆಗದು. ಹಸಿ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 112 ಪಾಲು ಇಂಗಾಲವಿದೆ. ಅದನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಬಳಿಸಿ, ಪೈರು ಹಳದಿಗಟ್ಟುತ್ತದೆ. ಜೊತೆಗೆ ಟ್ಯಾನಿನ್ ಮತ್ತು ಉಪ್ಪು. ಬೇಗ ಕರಗದ ಲಿಗ್ನಿನ್ ಬೇರೆ.

ಇದಕ್ಕೆ ಒಂದು ದಾರಿ ತೊಳೆಯುವುದು. ಯುರೋಪಿನ ಹಸಿರುಮನೆಗಳು ಜೌಗುನೆಲದಿಂದ ಅಗೆದ ಪೀಟ್ ಬದಲಿಗೆ ಇದನ್ನು ಕೇಳತೊಡಗಿದ ಮೇಲೆ ಪುಡಿಯನ್ನು ತೊಳೆದು, ಒಣಗಿಸಿ, ಇಟ್ಟಿಗೆಯಂತೆ ಒತ್ತಿ ಹಡಗು ಹತ್ತಿಸಿದರು. ಕೋಕೋಪೀಟ್ ಎಂಬ ಸರಕಿಗೆ ಮಾರುಕಟ್ಟೆ ಬೆಳೆದದ್ದು ಹೀಗೆ. ಬಂದ ಹಣ ಸಣ್ಣದಲ್ಲ, ನಿಜ. ಆದರೆ ಬೋರ್‌ವೆಲ್ ನಂಬಿ ಬದುಕುವ ಬಯಲುಸೀಮೆಯಲ್ಲಿ ಪುಡಿಗೆ ನೀರು ಸುರಿಯುವುದು, ಆ ಕಂದು ನೀರನ್ನು ಮತ್ತೆ ನೆಲಕ್ಕೇ ಬಿಡುವುದು ನನಗೆ ಸರಿಕಾಣುವುದಿಲ್ಲ.

ಇನ್ನೊಂದು ದಾರಿ ಅಣಬೆಯದು. ಒಂದು ಟನ್ ಪುಡಿಯನ್ನು ಪದರ ಪದರವಾಗಿ ಹರಡಿ, ನಡುನಡುವೆ ಚಿಪ್ಪಣಬೆಯ ಬೀಜ ಮತ್ತು 5 ಕಿಲೋ ಯೂರಿಯಾ ಎರಚಿ, ನೀರು ಚಿಮುಕಿಸಿ ತೇವ ಆರದಂತೆ ಕಾಯುವುದು. ಲಿಗ್ನಿನ್ ಮುರಿಯುವ ಶಕ್ತಿ ಈ ಅಣಬೆಗಿದೆ. ಕಾಯರ್ ಬೋರ್ಡ್ 'ಪಿತ್‌ಪ್ಲಸ್' ಹೆಸರಿನಲ್ಲಿ ಹರಡಿದ ಈ ವಿಧಾನದಲ್ಲಿ 30 ದಿನಕ್ಕೆ ಪುಡಿ ಕಪ್ಪಾಗುತ್ತದೆ, 112 ಇದ್ದ ಇಂಗಾಲದ ಪಾಲು 24ಕ್ಕೆ ಇಳಿಯುತ್ತದೆ.

ಈ ತಿಳಿವು ತರಕಾರಿ ಬೆಳೆಯುವವರಿಗೆ ಹತ್ತಿರವಾದದ್ದು ಹೆಸರಘಟ್ಟದಲ್ಲಿ. 1967ರಲ್ಲಿ ಹುಟ್ಟಿದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಪ್ರಯೋಗಾಲಯವೂ ಇತ್ತು, ಮಣ್ಣಿನ ಸೂಕ್ಷ್ಮಜೀವಿಗಳ ಅಧ್ಯಯನವೂ ಇತ್ತು. ಸಂಸ್ಥೆ ಪುಡಿಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ 'ಅರ್ಕಾ ಫರ್ಮೆಂಟೆಡ್ ಕೋಕೋಪೀಟ್' ರೂಪಿಸಿತು. ಸಸಿಗೆ ಸಾರಜನಕ, ರಂಜಕ, ಸತು ಒದಗಿಸುವ ಜೀವಿಗಳ ಮಿಶ್ರಣ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ' ಕೂಡ ಇಲ್ಲಿಯದೇ. ಮಣ್ಣಿಲ್ಲದೆ ತರಕಾರಿ ಬೆಳೆಯಲು ದ್ರವ ಪೋಷಕಾಂಶವನ್ನೂ ಸಂಸ್ಥೆ ಸಿದ್ಧಪಡಿಸಿತು. ಯಲಹಂಕದ ತಾರಸಿಯಲ್ಲೂ ಈಗ ಹಗುರವಾದ ಚೀಲದಲ್ಲಿ ಟೊಮೆಟೊ ಬೆಳೆಯಬಹುದು.

ಹೆಸರಘಟ್ಟಕ್ಕೆ ನೀರಿನ ಬೆಲೆ ಗೊತ್ತು. ಅರ್ಕಾವತಿಗೆ 1894ರಲ್ಲಿ ಕಟ್ಟಿದ ಇಲ್ಲಿನ ಕೆರೆಯಿಂದ ಸೋಲದೇವನಹಳ್ಳಿಯ ಪಂಪುಗಳು ಬೆಂಗಳೂರಿಗೆ ನೀರು ಹರಿಸಿದವು. ಮುಂದೆ ಆ ಹೊಳೆಯೇ ಬತ್ತುತ್ತ ಬಂತು. ಅದಕ್ಕೇ ಹುದುಗಿಸುವ ದಾರಿ ನನಗೆ ಹೆಚ್ಚು ಒಪ್ಪಿಗೆ. ಟ್ಯಾನಿನ್ ಕಳೆಯುವ ಕೆಲಸ ಜೀವಿಗಳ ಪಾಲಿಗೆ ಹೋಗುತ್ತದೆ. ಉಪ್ಪು ಕಳೆಯಲು ಮಾತ್ರ ನೀರೇ ಬೇಕು. ಆದರೆ ಹಿನ್ನೀರಿನಲ್ಲಿ ನೆನೆಸಿದ ಕರಾವಳಿಯ ಮಟ್ಟೆಯಷ್ಟು ಉಪ್ಪು ಬಯಲುಸೀಮೆಯ ಮಟ್ಟೆಯಲ್ಲಿ ಇರುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ನರ್ಸರಿಗಳಲ್ಲಿ 98 ಗುಳಿಯ ಪ್ರೋಟ್ರೇಗಳಿಗೆ ತುಂಬುವುದು ಇದೇ ಪುಡಿ. ನಾಟಿಯಾದಾಗ ಬೇರಿಗೆ ಅಂಟಿಕೊಂಡು ಹೊಲದ ಮಣ್ಣಿಗೇ ಸೇರುತ್ತದೆ. ಹುದುಗಿಸುವ ಅಂಗಳ ನಾರಿನ ಕಾರ್ಖಾನೆಯ ಪಕ್ಕದಲ್ಲೇ ಇರಬೇಕೆಂಬುದು ನನ್ನ ಒತ್ತಾಯ. ಹಸಿ ಪುಡಿ ಅಗ್ಗಕ್ಕೆ ಲಾರಿ ಹತ್ತುವ ಬದಲು, ಅದರಿಂದ ಬರುವ ಹೆಚ್ಚಿನ ಬೆಲೆ ತಿಪಟೂರು ಸೀಮೆಯಲ್ಲೇ ಉಳಿಯಲಿ. ತೆಂಗು ಬೆಳೆಗಾರರ ಸಂಘಗಳು ಹೆಸರಘಟ್ಟದಿಂದ ಈ ತಂತ್ರಜ್ಞಾನದ ಪರವಾನಗಿ ಪಡೆಯಲು ಮುಂದಾಗಲಿ.