ಕ್ಲಚ್ ಎಷ್ಟು ಬಿಗಿ ಇರಬೇಕು?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಭಾಲ್ಕಿ ರಸ್ತೆಯಲ್ಲಿ ಕಾರು ಓಡಿಸುವವರ ಎಡಗಾಲಿಗೆ ಬಿಡುವಿಲ್ಲ. ಎರಡು ಟ್ರಾಲಿ ಕಟ್ಟಿಕೊಂಡು ತೆವಳುವ ಟ್ರ್ಯಾಕ್ಟರಿನ ಹಿಂದೆ ಮೊದಲ ಗೇರು, ಎರಡನೇ ಗೇರು, ಮತ್ತೆ ಮೊದಲ ಗೇರು. ಬೀದರ್ ಹಳೇ ಊರಿನ ಚೌಬಾರಾ ಸುತ್ತಲೂ ಇದೇ ಪಾಡು. ಹೀಗೆ ಓಡಿ ಕ್ಲಚ್ ಪ್ಲೇಟ್ ಬೇಗ ಸವೆದಾಗ, ‘ಈ ಸಲ ಹಾರ್ಡ್ ಪ್ರೆಶರ್ ಪ್ಲೇಟ್ ಹಾಕಿಬಿಡಿ’ ಎಂದು ಮಿಸ್ತ್ರಿಗೆ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ.

ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು ಪ್ರೆಶರ್ ಪ್ಲೇಟಿನ ಸ್ಪ್ರಿಂಗ್. ಅದು ಎಷ್ಟು ಬಲವಾಗಿ ಒತ್ತಬೇಕೆಂಬುದನ್ನು ಎಂಜಿನ್ನಿನ ಟಾರ್ಕ್ ನೋಡಿ ನಿಗದಿ ಮಾಡಿರುತ್ತಾರೆ. ಸ್ವಿಫ್ಟ್ ಕಾರಿನಲ್ಲಿ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಸುಮಾರು 115 ನ್ಯೂಟನ್ ಮೀಟರ್, ಹಳೆಯ 1.3 ಲೀಟರ್ ಡೀಸೆಲ್ಲಿನದು 190. ಡೀಸೆಲ್ಲಿಗೆ ಹೆಚ್ಚಿನ ಹಿಡಿತ ಬೇಕೇ ಬೇಕು. ಪೆಟ್ರೋಲಿಗೆ ಅಷ್ಟು ಹಾಕಿದರೆ ಪಿಕಪ್ ಏನೂ ಹೆಚ್ಚದು. ಪ್ರತಿಸಲ ತುಳಿದಾಗಲೂ ಕೇಬಲ್, ರಿಲೀಸ್ ಬೇರಿಂಗ್, ಚಾಲಕನ ಮೊಣಕಾಲು ಅದರ ಭಾರ ಹೊರಬೇಕು. ಹಾಫ್ ಕ್ಲಚ್‌ನಲ್ಲಿ ಪ್ಲೇಟ್ ಉಜ್ಜುವುದಂತೂ ತಪ್ಪುವುದಿಲ್ಲ, ಏಕೆಂದರೆ ಆಗ ಹಿಡಿತ ಎಷ್ಟಿರಬೇಕೆಂದು ತೀರ್ಮಾನಿಸುವುದು ನಮ್ಮ ಕಾಲೇ. ಟ್ರಾಲಿಯ ಹಿಂದೆ ತುಸು ಜಾಗ ಬಿಟ್ಟು, ಪೆಡಲಿನಿಂದ ಕಾಲು ಪೂರ್ತಿ ತೆಗೆದು ಮೊದಲ ಗೇರಿನಲ್ಲೇ ಉರುಳಿಸಿಕೊಂಡು ಹೋದರೆ ಪ್ಲೇಟ್ ಬಾಳುತ್ತದೆ.

ಹೊಸದರಲ್ಲಿ ಹಗುರಾಗಿದ್ದ ಪೆಡಲ್ ಬರಬರುತ್ತಾ ಗಟ್ಟಿಯಾಗಿದೆಯೇ? ಮೊದಲು ಕೇಬಲ್ ನೋಡಿಸಿ. ಕೇಬಲ್ ಬಿಚ್ಚಿ, ಒಳಗಿನ ತಂತಿಯನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಬೇಕು. ಎಲ್ಲಾದರೂ ತಡೆದರೆ ಕೇಬಲ್ ಬದಲಿಸಿದರೆ ಸಾಕು, ಖರ್ಚೂ ಕಡಿಮೆ. ಸರಾಗವಾಗಿ ಬಂದರೆ ತೊಂದರೆ ಒಳಗಿದೆ. ಪ್ಲೇಟ್ ಸವೆದು ತೆಳುವಾದಂತೆ ಸ್ಪ್ರಿಂಗಿನ ಕಡ್ಡಿಗಳು ಹೊರಕ್ಕೆ ಬರುತ್ತವೆ, ಪೆಡಲ್ ಭಾರವಾಗುತ್ತದೆ. ಅಂದರೆ ಕೆಲವರು ಬಯಸಿ ಕೇಳುವ ಆ ಬಿಗಿ ಎಷ್ಟೋ ಸಲ ಸವೆತದ ಲಕ್ಷಣ.

ಖಚಿತವಾಗಬೇಕಾದರೆ ಔರಾದ್ ಕಡೆಯ ರಸ್ತೆ ಖಾಲಿ ಇದ್ದಾಗ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆಲೇ ಎಕ್ಸಲರೇಟರ್ ತುಳಿಯಿರಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಆಗ ಕಂಪನಿ ಹೇಳಿದ ಅಳತೆಯದೇ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಗೇರ್ ಬಾಕ್ಸ್ ಇಳಿಸಿದಾಗ ಫ್ಲೈವೀಲನ್ನೂ ಕಣ್ಣಾರೆ ನೋಡಿ: ಸುಟ್ಟ ನೀಲಿ ಕಲೆಗಳಿದ್ದರೆ ಅದನ್ನು ಸರಿಪಡಿಸದೆ ಹೊಸ ಪ್ಲೇಟ್ ಕೂರಿಸಲು ಬಿಡಬೇಡಿ.