ತೊಟ್ಟಿಯ ಸಿಗಡಿಯೂ ಬಾದಾಮಿಯ ತರಗೆಲೆಯೂ

ಕಾಡುಬಾದಾಮಿಯ ಕಾಯನ್ನು ಕಲ್ಲಿನಿಂದ ಜಜ್ಜಿ ಒಳಗಿನ ತಿರುಳನ್ನು ತಿಂದ ನೆನಪು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಇದ್ದೀತು. ಅದರ ಅಗಲವಾದ ಎಲೆಗಳು ಕೆಂಪಾಗಿ ಉದುರಿ ಅಂಗಳವನ್ನು ತುಂಬುವಾಗ ಗುಡಿಸಿ ಬೇಸತ್ತ ನೆನಪೂ ಇದ್ದೀತು. ಕಸವೆಂದು ನಾವು ಸುಡುತ್ತಿದ್ದ ಆ ಎಲೆಯು ಒಂದು ಸಣ್ಣ ಜಲಪ್ರಾಣಿಗೆ ಆಸರೆಯೂ ಆಹಾರವೂ ಆಗುವ ಬಗೆಯನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ.

ನಾವು ಹೇಳುವ ಸಿಗಡಿಯು ಅಡಿಗೆಗೆ ತರುವ ಸಿಗಡಿಯಲ್ಲ. ಬೆಳೆದಾಗ ಸುಮಾರು ಒಂದಂಗುಲ ಉದ್ದವಿರುವ ಇದಕ್ಕೆ ಚೆರಿ ಸಿಗಡಿ ಎಂದು ಹೆಸರು. ಶಾಸ್ತ್ರಜ್ಞರು ನಿಯೋಕ್ಯಾರಿಡಿನಾ ಡೇವಿಡಿ ಎನ್ನುವರು. ಚೀನಾದೇಶದ ಪೂರ್ವಭಾಗ ಮತ್ತು ತೈವಾನಿನ ಸಿಹಿನೀರು ಇದರ ತವರು. ಅಲ್ಲಿ ಇದರ ಬಣ್ಣ ಮಾಸಲು ಕಂದು. ಕೆಂಪು ಛಾಯೆಯವನ್ನೇ ಆರಿಸಿ ಆರಿಸಿ ಬೆಳೆಸಿದುದರಿಂದ ಈಗಿನ ಕೆಂಪು ಬಂದಿದೆ. ಮನೆಯ ತೊಟ್ಟಿಗಳಲ್ಲಿ ಪಾಚಿಯನ್ನು ಮೇಯಿಸಲು ಸಿಗಡಿಯನ್ನು ಬಿಡುವ ಪದ್ಧತಿಯನ್ನು 1980ರ ದಶಕದಲ್ಲಿ ಪ್ರಚುರಪಡಿಸಿದವರು ಜಪಾನಿನ ಛಾಯಾಚಿತ್ರಗಾರ ತಕಾಶಿ ಅಮಾನೋ ಅವರು (1954–2015). ಅವರು ಬಳಸಿದ್ದು ಬೇರೊಂದು ಜಾತಿ. ಅದರ ಮರಿಗಳಿಗೆ ಉಪ್ಪುನೀರು ಬೇಕು. ಚೆರಿ ಸಿಗಡಿಯ ಮರಿಗಳಾದರೋ ಸಿಹಿನೀರಿನಲ್ಲಿಯೇ ಬೆಳೆಯುವುವು. ಮನೆಯಲ್ಲಿ ಸಾಕುವವರಿಗೆ ಇದೇ ಅನುಕೂಲ.

ನಮ್ಮ ಮೊದಲನೆಯ ಪ್ರಯತ್ನವು ದುಃಖದಲ್ಲಿ ಮುಗಿಯಿತು. ನಲ್ಲಿಯ ನೀರಿನ ಕ್ಲೋರಿನ್ ಹೋಗಲು ಅದನ್ನು ಒಂದು ಹಗಲಿರುಳು ತೆರೆದಿಡಬೇಕೆಂದು ಓದಿ ತಿಳಿದಿದ್ದೆವು. ಪಾತ್ರೆ ಯಾವುದಿರಬೇಕೆಂದು ಯೋಚಿಸಲಿಲ್ಲ. ಬಚ್ಚಲುಮನೆಯಲ್ಲಿದ್ದ ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿ ಅದರಲ್ಲಿಯೇ ನೀರಿಟ್ಟೆವು. ಆ ನೀರನ್ನು ತೊಟ್ಟಿಗೆ ಹೊಯ್ದ ಮೂರನೆಯ ದಿನದೊಳಗೆ 12 ಸಿಗಡಿಗಳಲ್ಲಿ ಒಂದೂ ಉಳಿಯಲಿಲ್ಲ. ಮನುಷ್ಯನಿಗೆ ಯಾವ ಬಾಧೆಯನ್ನೂ ಮಾಡದಷ್ಟು ಅಲ್ಪ ತಾಮ್ರವೂ ಸಿಗಡಿಯ ಕಿವಿರುಗಳನ್ನು ಕೆಡಿಸಿ ಕೊಲ್ಲಬಲ್ಲದು. ವಿಚಿತ್ರವೇನೆಂದರೆ, ಸಿಗಡಿಯ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಪದಾರ್ಥದಲ್ಲಿಯೇ ತಾಮ್ರವಿದೆ. ಆದರೂ ನೀರಿನಲ್ಲಿ ಕರಗಿದ ತಾಮ್ರವು ಅದಕ್ಕೆ ವಿಷ. ಮೀನಿನ ರೋಗಕ್ಕೆ ಮಾರುವ ಕೆಲವು ಔಷಧಗಳಲ್ಲಿಯೂ ತಾಮ್ರವಿರುವುದು. ಸೊಳ್ಳೆಬತ್ತಿಯಲ್ಲಿರುವ ಪೈರೆಥ್ರಾಯ್ಡ್ ಎಂಬ ವರ್ಗದ ವಿಷವೂ ಸಿಗಡಿಗೆ ಮಾರಕ. ತೊಟ್ಟಿಯಿರುವ ಕೋಣೆಯಲ್ಲಿ ಅದನ್ನು ಉರಿಸಬಾರದು.

ಎರಡನೆಯ ಸಲ ನಾವು ಅವಸರಪಡಲಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಮರಳು ಹಾಸಿ, ನೀರುಪಾಚಿಯನ್ನು ನೆಟ್ಟು, ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಶೋಧಕವನ್ನಿಟ್ಟೆವು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ಆರು ವಾರ ಸಿಗಡಿಯಿಲ್ಲದೆ ಬಿಟ್ಟೆವು. ಕೊಳೆಯುವ ಆಹಾರದಿಂದ ಅಮೋನಿಯಾ ಹುಟ್ಟುವುದು. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವುವು. ಇವು ಸ್ಪಂಜಿನಲ್ಲಿ ನೆಲೆಗೊಳ್ಳಲು ಕಾಲ ಬೇಕು. ಬರಿಯ ನೀರನ್ನು ನೋಡುತ್ತ ಕುಳಿತ ನಮ್ಮನ್ನು ನೆರೆಯವರು ನಕ್ಕದ್ದುಂಟು.

ಇನ್ನು ಎಲೆಯ ವಿಷಯ. ಮರದಿಂದ ಕಿತ್ತ ಹಸಿರೆಲೆಯು ಕೂಡದು. ತಾನಾಗಿ ಉದುರಿ, ಒಣಗಿ ಕಂದಾದುದೇ ಬೇಕು. ಔಷಧ ಸಿಂಪಡಿಸಿದ ತೋಟದ ಎಲೆಯನ್ನೂ, ರಸ್ತೆಯಂಚಿನ ಧೂಳು ಹೊಗೆಗಳಲ್ಲಿ ಬಿದ್ದುದನ್ನೂ ತರಬಾರದು. ಚೆನ್ನಾಗಿ ತೊಳೆದು, ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಅದ್ದಿ ಹಾಕಿದರೆ ಬೇಗ ಮುಳುಗುವುದು. ನಮ್ಮ ತೊಟ್ಟಿಗೆ ಒಂದೇ ಎಲೆ ಸಾಕು. ಅದರೊಳಗಿನ ಟ್ಯಾನಿನ್ ಎಂಬ ಒಗರು ಪದಾರ್ಥವು ಬಿಟ್ಟುಕೊಂಡು ನೀರು ತಿಳಿಯಾದ ಚಹದ ಬಣ್ಣವನ್ನು ತಾಳುವುದು. ನೋಡಿದವರು ಕೊಳೆಯೆನ್ನುವರು. ಆದರೆ ಕಾಡಿನ ಹಳ್ಳದಲ್ಲಿ ತರಗೆಲೆಗಳ ಮೇಲೆ ಹರಿಯುವ ನೀರಿನ ಬಣ್ಣವೂ ಇದೇ ಅಲ್ಲವೇ? ವಾರದೊಳಗಾಗಿ ಎಲೆಯ ಮೇಲೆ ಲೋಳೆಯಂಥ ತೆಳ್ಳನೆಯ ಪೊರೆ ಬೆಳೆಯುವುದು. ಅದು ಸೂಕ್ಷ್ಮಜೀವಿಗಳ ರಾಶಿ. ಸಿಗಡಿಗೆ, ಮುಖ್ಯವಾಗಿ ಮರಿಗಳಿಗೆ, ಅದೇ ಅನ್ನ. ಕುಂಚದಂಥ ಪುಟ್ಟ ಕೈಗಳಿಂದ ಅವು ಹಗಲೆಲ್ಲ ಅದನ್ನು ಕೆರೆದು ಬಾಯಿಗೊಯ್ಯುವುವು. ಕೆಲವು ವಾರಗಳಲ್ಲಿ ಎಲೆಯ ಮಾಂಸವೆಲ್ಲ ಸವೆದು ನರಗಳ ಜಾಲವಷ್ಟೇ ಉಳಿಯುವುದು. ಹೊಲಿಗೆಯ ತರಗತಿಯಲ್ಲಿ ನಾವು ಕಷ್ಟಪಟ್ಟು ಹೆಣೆದ ಯಾವ ಲೇಸೂ ಅಷ್ಟು ನಯವಾಗಿರಲಿಲ್ಲ.

ಸೀಬೆಯ ಒಣಗಿದೆಲೆ, ಹಿಪ್ಪುನೇರಳೆಯ ಎಲೆ, ಗಾಳಿಮರದ ಒಣಕಾಯಿ ಇವನ್ನೂ ಸಾಕುವವರು ಬಳಸುತ್ತಾರೆ. ಬೇವು, ಕಣಗಿಲೆಗಳನ್ನು ಮಾತ್ರ ಹತ್ತಿರಕ್ಕೂ ತರಬಾರದು. ಬಾದಾಮಿಯ ಎಲೆಯು ಸಕಲ ರೋಗಗಳನ್ನೂ ಪರಿಹರಿಸುವುದೆಂದು ಅಂಗಡಿಯವರು ಹೇಳುವುದನ್ನು ನಾವು ನಂಬುವುದಿಲ್ಲ. ಅದು ನೀರನ್ನು ಹುಳಿಯಾಗಿಸುವುದೆಂಬ ಮಾತೂ ಅರ್ಧ ಸತ್ಯ. ಮೆದುನೀರಿನಲ್ಲಿ ತುಸು ಹಾಗಾಗುವುದು. ಸುಣ್ಣದ ಅಂಶ ಹೆಚ್ಚಾಗಿರುವ ಕೊಳವೆಬಾವಿಯ ಗಡಸು ನೀರಿನಲ್ಲಿ ಒಂದೆರಡು ಎಲೆಗಳಿಂದ ಬಣ್ಣ ಬದಲಾಗುವುದೇ ಹೊರತು ಗುಣ ಹೆಚ್ಚೇನೂ ಬದಲಾಗದು.

ಸಿಗಡಿಗಳನ್ನು ಬಿಟ್ಟ ಎರಡನೆಯ ವಾರದಲ್ಲಿ ನಮ್ಮ ಚಿಕ್ಕ ಮಗಳು, ಒಂದು ಸತ್ತುಹೋಯಿತೆಂದು ಅಳುತ್ತ ಬಂದಳು. ಹೋಗಿ ನೋಡಿದರೆ ಅದು ಕಳಚಿದ ಬರಿಯ ಚಿಪ್ಪು. ಬೆಳೆಯುವ ಸಿಗಡಿಯು ಹಳೆಯ ಚಿಪ್ಪನ್ನು ಬಿಟ್ಟು, ಹೊಸತು ಗಟ್ಟಿಯಾಗುವವರೆಗೆ ಎಲೆಯ ಮರೆಯಲ್ಲಿ ಅಡಗಿರುವುದು. ಆ ಚಿಪ್ಪನ್ನು ತೆಗೆಯಬಾರದು. ಅದರ ಸುಣ್ಣಕ್ಕಾಗಿ ಅವೇ ಅದನ್ನು ತಿನ್ನುವುವು. ಹೆಣ್ಣು 20–30 ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲಿ ಹೊತ್ತು, ಈಜುಕಾಲುಗಳಿಂದ ಬೀಸಿ ಬೀಸಿ ಅವಕ್ಕೆ ಹೊಸ ನೀರನ್ನು ಹಾಯಿಸುತ್ತ, ಮೂರು ನಾಲ್ಕು ವಾರ ಕಾಯುವುದು. ಹೊರಬರುವ ಮರಿಯು ತಾಯಿಯದೇ ರೂಪ. ಎಳ್ಳಿಗಿಂತಲೂ ಸಣ್ಣದಾಗಿ ಕಾಣುವುದು.

ಹೀಗೆ ಸಂತಾನವು ಹೆಚ್ಚಿದಾಗ ಕೆರೆಗೋ ಹೊಳೆಗೋ ಬಿಡುವ ಮನಸ್ಸಾಗುವುದು ಸಹಜ. ಅದನ್ನು ಎಂದಿಗೂ ಮಾಡಬಾರದು. ಜರ್ಮನಿ, ಪೋಲೆಂಡ್, ಹವಾಯಿಗಳಲ್ಲಿ ಈ ಸಿಗಡಿಯು ಹೊರನೀರಿನಲ್ಲಿ ಬೇರೂರಿದೆ. ನಮ್ಮ ಪಶ್ಚಿಮಘಟ್ಟದ ಹಳ್ಳಗಳಲ್ಲಿ ಅಲ್ಲಿಯವೇ ಆದ ಸಣ್ಣ ಸಿಗಡಿಗಳಿವೆ. ಹೊರಗಿನವು ಬಂದರೆ ಅವುಗಳ ತಾವಿಗೂ ಮೇವಿಗೂ ಕುತ್ತು. ಹೆಚ್ಚಾದವನ್ನು ನಾವು ಸಾಕಬಯಸುವ ಗೆಳತಿಯರಿಗೆ ಕೊಡುತ್ತೇವೆ, ಜತೆಗೆ ನಾಲ್ಕು ಒಣಗಿದೆಲೆಗಳನ್ನೂ ಕೊಡುತ್ತೇವೆ. ನೀರು ತುಂಬಿಡಲು ಪ್ಲಾಸ್ಟಿಕ್ ಬಕೆಟ್ ಇದೆಯೇ ಎಂದು ಮೊದಲು ಕೇಳುತ್ತೇವೆ.